ನಾರ್ನಿಯಾ ಸಿಂಹ ಮತ್ತು ನಮ್ಮ 1992ರ ಬ್ಯಾಚ್

ನಾಗರಾಜ ಶಿರಸಿ: (ಫಾರ್ವರ್ಡ್) ಪೋಷಕರೇ ಎಚ್ಚರ!! ನಾರ್ನಿಯಾ ಎಂಬ ಮಕ್ಕಳ ಪುಸ್ತಕದ ಹೆಸರಿನಲ್ಲಿ ಒಬ್ಬ ಪಾದ್ರಿ ನಿಮ್ಮ ಮಕ್ಕಳ ತಲೆಗೆ ಮತ ತುಂಬುತ್ತಿದ್ದಾನೆ. ಸಿಂಹದ ವೇಷದಲ್ಲಿ ಏಸು!! ಈಗ ಹೊಸ ಸಿನಿಮಾ ಬೇರೆ ಬರುತ್ತಿದೆ. ಕನಿಷ್ಠ 10 ಗುಂಪಿಗೆ ಕಳಿಸಿ.

ನಾಗರಾಜ ಶಿರಸಿ: ನನ್ನ ಮಗಳು ಇದನ್ನೇ ಓದಬೇಕು ಅಂತ ಹಟ ಹಿಡಿದಿದ್ದಾಳೆ. ಯಾರಾದರೂ ಓದಿದ್ದೀರಾ? ನಿಜಾನಾ ಇದು?

ಗಿರೀಶ ಅಡ್ಮಿನ್: ಗುಂಪಿನಲ್ಲಿ ಧರ್ಮ, ರಾಜಕೀಯ ಬೇಡ ಅಂತ ರೂಲ್ ಇದೆಯಲ್ಲಪ್ಪ.

ಸುಧಾ ಟೀಚರ್: ಗಿರೀಶ, ಇದು ಪುಸ್ತಕದ ವಿಷಯ, ನೀನು ಸುಮ್ನಿರು. ನಾಗರಾಜ, ಬರೆದವರು ಪಾದ್ರಿ ಅಲ್ಲ. ಸಿ.ಎಸ್. ಲೂಯಿಸ್. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಹೇಳುತ್ತಿದ್ದ ಮೇಷ್ಟ್ರು, ಆಮೇಲೆ ಕೇಂಬ್ರಿಡ್ಜಿನಲ್ಲಿ ಪ್ರೊಫೆಸರ್. ಹುಡುಗನಾಗಿದ್ದಾಗಲೇ ದೇವರಿಲ್ಲ ಅಂತ ತೀರ್ಮಾನ ಮಾಡಿದ್ದವರು. 1931ರಲ್ಲಿ, ಮೂವತ್ತು ದಾಟಿದ ಮೇಲೆ ಮತ್ತೆ ಕ್ರೈಸ್ತ ನಂಬಿಕೆಗೆ ಬಂದರು. ಲಾರ್ಡ್ ಆಫ್ ದ ರಿಂಗ್ಸ್ ಬರೆದ ಗೆಳೆಯ ಟೋಲ್ಕಿನ್ ಜೊತೆ ಒಂದು ರಾತ್ರಿ ನಡೆದ ಉದ್ದನೆಯ ಮಾತು ಅದಕ್ಕೆ ದೊಡ್ಡ ಕಾರಣ. ತಮಾಷೆ ಅಂದರೆ ಅದೇ ಟೋಲ್ಕಿನ್‌ಗೆ ನಾರ್ನಿಯಾ ರುಚಿಸಲೇ ಇಲ್ಲ.

ನಾಗರಾಜ ಶಿರಸಿ: ಸರಿ, ಪಾದ್ರಿ ಅಲ್ಲ. ಸಿಂಹ ಏಸುವೋ ಅಲ್ಲವೋ? ಅದನ್ನು ಹೇಳು.

ವಿನ್ಸೆಂಟ್ ಕುವೈತ್: ಹೌದು. ಅದರಲ್ಲಿ ಮುಚ್ಚಿಡುವುದು ಏನಿದೆ? ಅಸ್ಲಾನ್ ಅನ್ನುವ ಆ ಸಿಂಹ ಬೇರೆಯವನ ತಪ್ಪಿಗೆ ತಾನು ಸಾಯುತ್ತಾನೆ, ಬೆಳಗಾಗುವಷ್ಟರಲ್ಲಿ ಎದ್ದು ಬರುತ್ತಾನೆ. ಒಟ್ಟು ಏಳು ಪುಸ್ತಕ, ಅದರಲ್ಲಿ ಮೂರನೆಯದಾಗಿ ಬಂದ ಪುಸ್ತಕದ ಕೊನೆಯಲ್ಲಿ ಮೊದಲು ಕುರಿಮರಿಯಾಗಿ ಕಾಣಿಸಿಕೊಂಡು ಆಮೇಲೆ ಸಿಂಹವಾಗುತ್ತಾನೆ, ನಿಮ್ಮ ಲೋಕದಲ್ಲಿ ನನಗೆ ಬೇರೆ ಹೆಸರಿದೆ ಅಂತ ಮಕ್ಕಳಿಗೆ ನೇರವಾಗಿ ಹೇಳುತ್ತಾನೆ. ಚರ್ಚಿಗೆ ಹೋಗುವ ಮಗು ಗುರುತು ಹಿಡಿಯುತ್ತೆ, ಹೋಗದ ಮಗುವಿಗೆ ಅವನು ಸಿಂಹ ಅಷ್ಟೇ.

ನಾಗರಾಜ ಶಿರಸಿ: ಅಂದ್ರೆ ಫಾರ್ವರ್ಡ್ ಸುಳ್ಳಲ್ಲ.

ಸುಧಾ ಟೀಚರ್: ಅರ್ಧ ಸುಳ್ಳು. ನಾರ್ನಿಯಾದಂಥ ಒಂದು ಲೋಕ ಇದ್ದು, ಅದನ್ನು ಕಾಪಾಡಬೇಕಾದರೆ ದೇವರು ಅಲ್ಲಿಗೆ ಯಾವ ರೂಪದಲ್ಲಿ ಬರುತ್ತಿದ್ದ? ಹೀಗೆ ಊಹಿಸಿ ಬರೆದದ್ದು ಅಂತ ಲೂಯಿಸ್ ಅವರೇ ಹೇಳಿಕೊಂಡಿದ್ದಾರೆ. ಆದರೆ ಕಥೆ ಹುಟ್ಟಿದ್ದು ಅಲ್ಲಿಂದಲ್ಲ. ಅವರಿಗೆ 16 ವರ್ಷ ಆದಾಗಿನಿಂದ ತಲೆಯಲ್ಲಿ ಒಂದು ಚಿತ್ರ ಇತ್ತು. ಹಿಮ ಬಿದ್ದ ಕಾಡು, ಅದರಲ್ಲಿ ಮೇಕೆ ಕಾಲಿನ ಒಬ್ಬ, ಕೈಯಲ್ಲಿ ಕೊಡೆ, ಒಂದಷ್ಟು ಪೊಟ್ಟಣ. ಸಿಂಹ ಬಂದು ಸೇರಿಕೊಂಡದ್ದು ಎಷ್ಟೋ ವರ್ಷ ಆದ ಮೇಲೆ.

ಸುಧಾ ಟೀಚರ್: ಇನ್ನೊಂದು ಕೇಳು. ಎಡ್ಮಂಡ್ ಅಂತ ಒಬ್ಬ ಹುಡುಗ. ಮಾಟಗಾತಿ ಕೊಡುವ ಮಿಠಾಯಿ ಆಸೆಗೆ ಅಣ್ಣ, ಅಕ್ಕ, ತಂಗಿ ಮೂವರನ್ನೂ ಹಿಡಿದುಕೊಡಲು ಹೊರಡುತ್ತಾನೆ. ಅವನ ಬದಲಿಗೆ ಸಿಂಹ ರಾತ್ರಿ ಒಬ್ಬನೇ ಹೋಗಿ ಸಿಕ್ಕಿಬೀಳುತ್ತದೆ. ಕೇಸರ ಬೋಳಿಸುತ್ತಾರೆ, ಬಾಯಿ ಕಟ್ಟುತ್ತಾರೆ, ಕಲ್ಲಿನ ಮೇಜಿಗೆ ಹಗ್ಗದಿಂದ ಬಿಗಿಯುತ್ತಾರೆ. ಸತ್ತ ಮೇಲೆ ಇಲಿಗಳು ಬಂದು ಹಗ್ಗ ಕಡಿಯುತ್ತವೆ. ಅಕ್ಕ ಸೂಸನ್, ತಂಗಿ ಲೂಸಿ ಇಬ್ಬರೂ ಪೊದೆಯಲ್ಲಿ ಅಡಗಿ ಇದನ್ನು ನೋಡಿದ್ದಾರೆ, ಕೊಲ್ಲುವ ಕ್ಷಣದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು. ಕೊನೆಯಲ್ಲಿ ಯುದ್ಧ ಮುಗಿದ ಮೇಲೆ ಲೂಸಿ ಮೆಲ್ಲಗೆ ಕೇಳುತ್ತಾಳೆ, ಅಸ್ಲಾನ್ ತನಗೋಸ್ಕರ ಏನು ಮಾಡಿದ ಅಂತ ಎಡ್ಮಂಡ್‌ಗೆ ಗೊತ್ತಾ ಅಂತ. ಸೂಸನ್ ಇಲ್ಲ ಅನ್ನುತ್ತಾಳೆ. ಹೇಳಬೇಕಲ್ವಾ ಅಂತ ಲೂಸಿ, ಬೇಡ, ಅವನಿಗೆ ತುಂಬಾ ನೋವಾಗುತ್ತೆ ಅಂತ ಸೂಸನ್. ಅಷ್ಟರಲ್ಲಿ ಯಾರೋ ಮಧ್ಯೆ ಬರುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ. ಮತಪ್ರಚಾರ ಮಾಡಲು ಕೂತವನು ಅದನ್ನು ಹಾಗೆ ಬಿಡುತ್ತಿದ್ದನಾ? ಹುಡುಗನನ್ನು ಸಿಂಹದ ಕಾಲಿಗೆ ಬೀಳಿಸಿ ಎರಡು ಪುಟ ಅಳಿಸುತ್ತಿದ್ದ.

ರೇಷ್ಮಾ ನ್ಯೂಜೆರ್ಸಿ: ಪುಸ್ತಕ ಹಾಗೆ ಬಿಟ್ಟಿರಬಹುದು, ಸಿನಿಮಾ ಮಾರಿದವರು ಬಿಡಲಿಲ್ಲ. 2005ರಲ್ಲಿ ಮೊದಲ ಸಿನಿಮಾ ಬಂದಾಗ ಡಿಸ್ನಿಯವರು ಇಲ್ಲಿ ಅಮೆರಿಕದಲ್ಲಿ ಚರ್ಚುಗಳಿಗೆ ಅಂತಲೇ ಬೇರೆ ಪ್ರಚಾರ ಮಾಡಿಸಿದರು. ಲೋಕದ ತುಂಬಾ ಸುಮಾರು 74 ಕೋಟಿ ಡಾಲರ್ ಬಂತು. 2008ರ ಎರಡನೆಯ ಸಿನಿಮಾ ಪ್ರಿನ್ಸ್ ಕ್ಯಾಸ್ಪಿಯನ್ ಸುಮಾರು 42 ಕೋಟಿಗೆ ನಿಂತಿತು. ಡಿಸ್ನಿಯವರು ಎದ್ದು ಹೋದರು! 2010ರ ಮೂರನೆಯದಕ್ಕೆ ಫಾಕ್ಸ್‌ನವರು ಬರಬೇಕಾಯಿತು. ದೇವರು, ದಿಂಡರು ಎಲ್ಲಾ ಕಲೆಕ್ಷನ್ ಇರುವವರೆಗೆ ಅಷ್ಟೇ.

ವಿನ್ಸೆಂಟ್ ಕುವೈತ್: ಆ ಮೂರನೆಯದರಲ್ಲಿ ಹಸಿರು ಮಂಜು, ಏಳು ಕತ್ತಿ ಅಂತ ಏನೇನೋ ತುರುಕಿದರು. ಪುಸ್ತಕದಲ್ಲಿ ಅದು ಯಾವುದೂ ಇಲ್ಲ. ಅಸ್ಲಾನ್‌ಗೆ ದನಿ ಕೊಟ್ಟ ಲಿಯಾಮ್ ನೀಸನ್ ಬೇರೆ, ನನ್ನ ಪ್ರಕಾರ ಇವನು ಏಸು ಮಾತ್ರ ಅಲ್ಲ, ಬುದ್ಧ, ಮಹಮ್ಮದ್ ಎಲ್ಲರೂ ಹೌದು ಅಂದುಬಿಟ್ಟ. ಆಗಲೇ ಜನ ಸಿಟ್ಟಾದರು. ಈಗ ನೆಟ್‌ಫ್ಲಿಕ್ಸ್‌ಗೆ ನಿರ್ದೇಶಕಿ ಗ್ರೆಟಾ ಗರ್ವಿಗ್ ಹೊಸದು ಮಾಡುತ್ತಿದ್ದಾರೆ. ಅಸ್ಲಾನ್ ದನಿಗೆ ನಟಿ ಮೆರಿಲ್ ಸ್ಟ್ರೀಪ್ ಜೊತೆ ಮಾತುಕತೆ ಅಂತ 2025ರಲ್ಲಿ ಸುದ್ದಿ ಬಂತು. ಗಂಡು ಸಿಂಹಕ್ಕೆ ಹೆಂಗಸಿನ ದನಿ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

ರೇಷ್ಮಾ ನ್ಯೂಜೆರ್ಸಿ: ಮಾತಾಡುವ ಬೀವರ್ ಪ್ರಾಣಿ ಒಪ್ಪಿಗೆ, ಹೆಂಗಸಿನ ದನಿ ಒಪ್ಪಿಗೆ ಇಲ್ಲ. ಭೇಷ್ ವಿನ್ಸಿ.

ವಿನ್ಸೆಂಟ್ ಕುವೈತ್: ರೇಷ್ಮಾ, ನಿನಗೆ ಅದು ಬರೀ ಪಾತ್ರ. ನನಗಲ್ಲ. ನಾಳೆ ರಾಮನ ಪಾತ್ರ ಬದಲಾಯಿಸಿದರೆ ಇದೇ ನಾಗರಾಜ ಸುಮ್ನೆ ಕೂರುತ್ತಾನಾ?

ನಾಗರಾಜ ಶಿರಸಿ: ಈ ವಿಷಯದಲ್ಲಿ ನಾನು ವಿನ್ಸಿ ಕಡೆ. ಅವನ ದೇವರು ಅಂದ ಮೇಲೆ ಅವನು ಹೇಳಿದ ಹಾಗೆ ಇರಬೇಕು.

ಗಿರೀಶ ಅಡ್ಮಿನ್: ಐದು ನಿಮಿಷದ ಹಿಂದೆ ಬಹಿಷ್ಕಾರ, ಈಗ ಬೆಂಬಲ. ಏನಪ್ಪಾ ಇದು.

ಸುಧಾ ಟೀಚರ್: ದನಿ ವಿಷಯದಲ್ಲಿ ವಿನ್ಸೆಂಟ್ ಬೇಸರ ನನಗೆ ಅರ್ಥ ಆಗುತ್ತದೆ. ಸುಮ್ನೆ ನಗುವ ವಿಷಯ ಅಲ್ಲ ರೇಷ್ಮಾ. ಗರ್ವಿಗ್ ಮಾಡುತ್ತಿರುವುದು ಏಳರಲ್ಲಿ ಒಂದಾದ ದ ಮೆಜಿಷಿಯನ್ಸ್ ನೆಫ್ಯೂ. ಅದರಲ್ಲಿ ಕತ್ತಲೆಯಲ್ಲಿ ಮೊದಲು ಕೇಳುವುದೇ ಅಸ್ಲಾನ್ ದನಿ. ಅವನು ಹಾಡುತ್ತಾ ಹೋದ ಹಾಗೆ ನಕ್ಷತ್ರ ಹುಟ್ಟುತ್ತೆ, ಹುಲ್ಲು ಹುಟ್ಟುತ್ತೆ, ನೆಲ ಉಬ್ಬಿ ಪ್ರಾಣಿಗಳು ಎದ್ದು ಬರುತ್ತವೆ. ಇಡೀ ಕಥೆ ಆ ದನಿ ಮೇಲೆ ನಿಂತಿದೆ. ಆದರೆ ಲೇಖಕರು ಹೆದರಿದ್ದು ಇನ್ನೊಂದಕ್ಕೆ. 1959ರಲ್ಲಿ ಬಿಬಿಸಿಯ ಒಬ್ಬ ನಿರ್ಮಾಪಕರಿಗೆ ಪತ್ರ ಬರೆದು, ಟೀವಿಗೆ ಮಾಡಲೇಬೇಡಿ ಅಂದಿದ್ದಾರೆ. ರೇಡಿಯೋ ಅವರಿಗೆ ಪರವಾಗಿರಲಿಲ್ಲ. ಮನುಷ್ಯ ಸಿಂಹದ ವೇಷ ಹಾಕಿ ಕುಣಿದರೆ ಅದು ನನಗೆ ದೇವದೂಷಣೆ ಅನ್ನುವ ಅರ್ಥದ ಮಾತು. ಕಾರ್ಟೂನ್ ಆದರೆ ಬೇರೆ ವಿಷಯ, ಆದರೆ ಡಿಸ್ನಿಗೆ ಪ್ರತಿಭೆ ಜೊತೆ ಒರಟುತನವೂ ಇದೆಯಲ್ಲ ಅಂತ ಕೊರಗಿದ್ದಾರೆ.

ರೇಷ್ಮಾ ನ್ಯೂಜೆರ್ಸಿ: ಕೊನೆಗೆ ಸಿನಿಮಾ ಮಾಡಿದ್ದು ಡಿಸ್ನಿ! ನಿರ್ಮಾಪಕರಲ್ಲಿ ಒಬ್ಬರು ಲೂಯಿಸ್ ಅವರ ಮಲಮಗನೇ.

ರೇಷ್ಮಾ ನ್ಯೂಜೆರ್ಸಿ: ಇರಲಿ. ನನ್ನ ತಕರಾರು ಇವರಿಬ್ಬರ ತಕರಾರು ಅಲ್ಲ. ಈ ಪುಸ್ತಕಗಳಲ್ಲಿ ಕ್ಯಾಲೊರ್ಮೆನ್ ಅಂತ ಒಂದು ದೇಶ ಇದೆ ನೋಡಿ. ಅಲ್ಲಿಯವರು ಕಪ್ಪು ಮೈಬಣ್ಣದವರು, ತಲೆಗೆ ಪೇಟ, ಕೈಯಲ್ಲಿ ಬಾಗಿದ ಕತ್ತಿ, ಗುಲಾಮರನ್ನು ಇಟ್ಟುಕೊಳ್ಳುವವರು. ಒಳ್ಳೆಯ ಲೋಕದವರೆಲ್ಲ ಬಿಳಿಯರು. ನನ್ನ ಮಗ ಓದುತ್ತಾ ಬಂದು, ಅಮ್ಮಾ, ಇವರು ನಮ್ಮ ಹಾಗೆ ಇದ್ದಾರಲ್ವಾ ಅಂದ. ಏನು ಹೇಳಲಿ?

ರೇಷ್ಮಾ ನ್ಯೂಜೆರ್ಸಿ: ಅವರ ದೇವರು ತಾಶ್. ರಣಹದ್ದಿನ ತಲೆ. ನಾಲ್ಕು ಕೈ.

ನಾಗರಾಜ ಶಿರಸಿ: ನಾಲ್ಕು ಕೈ!!! ನೋಡಿದಿರಾ? ನಾನು ಹೇಳಲಿಲ್ವಾ?

ವಿನ್ಸೆಂಟ್ ಕುವೈತ್: ನೀನು ಹೇಳಿದ್ದು ಪಾದ್ರಿ ಅಂತ ಮಾತ್ರ.

ಸುಧಾ ಟೀಚರ್: ರೇಷ್ಮಾ ಹೇಳಿದ್ದು ಸರಿ. ಆ ಭಾಗ ಚೆನ್ನಾಗಿಲ್ಲ, ಅದನ್ನು ನಾನು ಸಮರ್ಥಿಸುವುದಿಲ್ಲ. 1950ರ ದಶಕದ ಇಂಗ್ಲಿಷ್ ಮೇಷ್ಟ್ರಿಗೆ ಪೂರ್ವದೇಶ ಅಂದರೆ ಪೇಟ, ಕತ್ತಿ, ಕ್ರೂರ ದೇವರು. ಅದನ್ನು ಮಕ್ಕಳಿಗೆ ಹಾಗೇ ಹೇಳಬೇಕು. ದ ಹಾರ್ಸ್ ಅಂಡ್ ಹಿಸ್ ಬಾಯ್‌ನಲ್ಲಿ ಅದೇ ದೇಶದ ಅರಾವಿಸ್ ಅನ್ನುವ ಗಟ್ಟಿಗಿತ್ತಿ ಹುಡುಗಿ ಇದ್ದಾಳೆ, ಕೊನೆಗೆ ಪಕ್ಕದ ರಾಜ್ಯದ ರಾಣಿಯೂ ಆಗುತ್ತಾಳೆ. ಅವಳೊಬ್ಬಳಿಂದ ಉಳಿದ ಚಿತ್ರ ಬದಲಾಗುವುದಿಲ್ಲ, ಗೊತ್ತು. ಆದರೆ ನಾಗರಾಜ, ನೀನು ಓದಬೇಕಾದ ಜಾಗ ಬೇರೆ. ಕೊನೆಯ ಪುಸ್ತಕ ದ ಲಾಸ್ಟ್ ಬ್ಯಾಟಲ್, 1956. ಇದೇ ನಾಲ್ಕು ಕೈ ತಾಶ್ ಇರುವ ಪುಸ್ತಕ. ಅದರಲ್ಲಿ ಎಮೆತ್ ಅಂತ ಒಬ್ಬ ಕ್ಯಾಲೊರ್ಮೆನ್ ಯೋಧ. ಜೀವನ ಪೂರ್ತಿ ತಾಶ್‌ನನ್ನು ಭಕ್ತಿಯಿಂದ ಪೂಜಿಸಿದವನು. ಒಂದು ಕೊಟ್ಟಿಗೆಯ ಬಾಗಿಲು ದಾಟಿ ಆಚೆಯ ಲೋಕಕ್ಕೆ ಹೋದಾಗ ಎದುರಿಗೆ ಸಿಗುವುದು ಅಸ್ಲಾನ್. ಮುಗಿಯಿತು ನನ್ನ ಕಥೆ ಅಂದುಕೊಳ್ಳುತ್ತಾನೆ. ಅಸ್ಲಾನ್ ಮಾತ್ರ, ಮಗನೇ ಬಾ ಅನ್ನುತ್ತಾನೆ. ತಾಶ್ ಹೆಸರಿನಲ್ಲಿ ನೀನು ಮಾಡಿದ ಒಳ್ಳೆಯದೆಲ್ಲ ನನಗೇ ಸಂದಿದೆ. ನನ್ನ ಹೆಸರಿನಲ್ಲಿ ಕ್ರೌರ್ಯ ಮಾಡಿದವನು ಪೂಜೆ ಮಾಡಿದ್ದು ತಾಶ್‌ಗೆ.

ನಾಗರಾಜ ಶಿರಸಿ: ಇರು ಇರು. ಇದು ಗೀತೆ ಒಂಬತ್ತನೇ ಅಧ್ಯಾಯದಲ್ಲಿ ಇದೆ. 23ನೇ ಶ್ಲೋಕ. ಬೇರೆ ದೇವತೆಗಳನ್ನು ಶ್ರದ್ಧೆಯಿಂದ ಪೂಜಿಸುವವರೂ ನನ್ನನ್ನೇ ಪೂಜಿಸುತ್ತಾರೆ ಅಂತ ಕೃಷ್ಣ ಹೇಳುತ್ತಾನೆ.

ಸುಧಾ ಟೀಚರ್: ವಿಧಿ ತಪ್ಪಿ ಪೂಜಿಸುತ್ತಾರೆ ಅಂತಲೂ ಅದೇ ಶ್ಲೋಕದಲ್ಲಿದೆ, ಅದನ್ನು ಬಿಡಬೇಡ.

ವಿನ್ಸೆಂಟ್ ಕುವೈತ್: ಎಮೆತ್ ಭಾಗ ಎಷ್ಟೋ ಜನ ಕ್ರೈಸ್ತರಿಗೇ ಹಿಡಿಸುವುದಿಲ್ಲ. ಏಸುವಿನ ಹೆಸರೇ ಹೇಳದವನು ಒಳಗೆ ಹೋಗುವುದು ಹೇಗೆ ಅಂತ ಕೇಳುತ್ತಾರೆ. ನನಗೆ ಮಾತ್ರ ಏಳು ಪುಸ್ತಕದಲ್ಲಿ ಅದೇ ಜಾಸ್ತಿ ಇಷ್ಟ. ಸ್ಟ್ರೀಪ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ, ಅದು ಬೇರೆ.

ರೇಷ್ಮಾ ನ್ಯೂಜೆರ್ಸಿ: ಅಂದರೆ ಒಳಗೆ ಬಿಡುವುದು, ಬಿಡದೇ ಇರುವುದು ಎರಡೂ ಸಿಂಹದ ಕೈಯಲ್ಲೇ. ಒಳ್ಳೆಯದೆಲ್ಲ ಅವನ ಖಾತೆಗೆ ಜಮಾ. ಇದು ದೊಡ್ಡ ಮನಸ್ಸು ಅಂತ ನನಗೆ ಪೂರ್ತಿ ಅನ್ನಿಸುವುದಿಲ್ಲ.

ಸುಧಾ ಟೀಚರ್: ಅನ್ನಿಸಬೇಕಿಲ್ಲ. ಈ ಪ್ರಶ್ನೆಯನ್ನೇ ಮಗನ ಜೊತೆ ಮಾತಾಡು. ಹತ್ತು ವರ್ಷದ ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಜಗಳ ಆಡುತ್ತಾರೆ.

ನಾಗರಾಜ ಶಿರಸಿ: ಸರಿ, ಓದಲಿ ಅವಳು. ಯಾವುದರಿಂದ ಶುರು?

ರೇಷ್ಮಾ ನ್ಯೂಜೆರ್ಸಿ: ಈಗಿನ ಸೆಟ್‌ನಲ್ಲಿ ನಂಬರ್ ಹಾಕಿರುತ್ತಾರೆ. 1 ಮೆಜಿಷಿಯನ್ಸ್ ನೆಫ್ಯೂ. ಲೋಕ ಹುಟ್ಟುವುದು ಅಲ್ಲೇ, ಅಲ್ಲಿಂದಲೇ ಶುರು ಮಾಡಲಿ.

ಸುಧಾ ಟೀಚರ್: ಬೇಡವೇ ಬೇಡ! ಅದು ಬಂದದ್ದು 1955ರಲ್ಲಿ, ಆರನೆಯದಾಗಿ. ಮೊದಲು ಬಂದದ್ದು 1950ರ ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್. ಲೂಸಿ ಬೀರುವಿನೊಳಗೆ ಕೋಟುಗಳನ್ನು ಸರಿಸಿಕೊಂಡು ಹೋದಾಗ ಹಿಮದ ಕಾಡಿನ ಮಧ್ಯೆ ಒಂದು ಬೀದಿದೀಪ ಉರಿಯುತ್ತಿರುತ್ತೆ. ಕಾಡಿನಲ್ಲಿ ಬೀದಿದೀಪ ಯಾಕೆ? ಅದು ಮಗುವನ್ನು ಕಾಡಬೇಕು. ಮಾಟಗಾತಿ ಲಂಡನ್ ದೀಪದ ಕಂಬದಿಂದ ಕಿತ್ತ ಕಬ್ಬಿಣದ ತುಂಡು ಹೊಸ ನೆಲದಲ್ಲಿ ಬಿದ್ದು ಬೆಳೆಯಿತು ಅಂತ ನಂಬರ್ 1ರಲ್ಲಿ ಮೊದಲೇ ಓದಿಕೊಂಡು ಬಂದರೆ ಆ ಮಜಾ ಎಲ್ಲಿ?

ರೇಷ್ಮಾ ನ್ಯೂಜೆರ್ಸಿ: ಕಥೆಯ ಕಾಲಕ್ರಮವೇ ಸರಿ ಅನ್ನಿಸುತ್ತದೆ ಅಂತ ಲೂಯಿಸ್ ಅವರೇ ಒಬ್ಬ ಹುಡುಗನಿಗೆ ಪತ್ರ ಬರೆದಿದ್ದಾರೆ. 1957.

ಸುಧಾ ಟೀಚರ್: ಯಾವ ಕ್ರಮದಲ್ಲಿ ಓದಿದರೂ ಅಂಥ ವ್ಯತ್ಯಾಸ ಏನಿಲ್ಲವೇನೋ ಅಂತಲೂ ಅದೇ ಪತ್ರದಲ್ಲಿ ಇದೆ. ಮಗುವಿನ ಮನಸ್ಸು ನೋಯಿಸದೆ ಬರೆದ ಪತ್ರ ಅದು. ಪ್ರಕಾಶಕರು ಅದನ್ನೇ ಹಿಡಿದುಕೊಂಡು ಕ್ರಮ ಬದಲಿಸಿದರು.

ನಾಗರಾಜ ಶಿರಸಿ: ನೀವಿಬ್ಬರೂ ತೀರ್ಮಾನ ಮಾಡಿ ಹೇಳಿ. ಅಷ್ಟರಲ್ಲಿ ನಾನು ಏಳನೆಯದು ಓದುತ್ತೇನೆ. ಆ ನಾಲ್ಕು ಕೈಯವನನ್ನು ನೋಡಬೇಕು.

ಸುಧಾ ಟೀಚರ್: ಓದು. ಕೊನೆಗೆ ಯಾರು ಯಾರು ಏನಾಗುತ್ತಾರೆ ಅಂತ ಮಾತ್ರ ಮಗಳಿಗೆ ಬಾಯಿಬಿಡಬೇಡ.