ಬಾಗಿಲ ಕೆಳ ಅಂಚಲ್ಲಿ ತುಕ್ಕು: ಪುಟ್ಟಿ ಹಾಕಿಸಿದ ಮೇಲೂ ಮತ್ತೆ ಗುಳ್ಳೆ

ಹಳೇಗಾಡಿ: 20 ವರ್ಷ ಹಳೇ ಕಾರು. ಹಿಂದಿನ ಬಾಗಿಲ ಕೆಳ ಅಂಚಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು. ಉಜ್ಜಿ, ಪುಟ್ಟಿ ಹಾಕಿ, ಪೇಂಟ್ ಹೊಡೆಸಿದ್ದಾಯ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ಡ್ರೈವರ್ ಕಾಲ ಬಳಿ ಮ್ಯಾಟ್ ಎತ್ತಿದರೆ ಫ್ಲೋರ್ ತಗಡೂ ಕಂದು ತಿರುಗಿದೆ, ತೂತು ಕಾಣ್ತಿಲ್ಲ. ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿಸುವ ದ್ರಾವಣ) ಹಚ್ಚಿದರೆ ಸಾಕಾ, ವೆಲ್ಡಿಂಗೇ ಬೇಕಾ?

ತಗಡುಕೆಲಸ: ಬಾಗಿಲ ಕೆಳಗೆ ಗುಳ್ಳೆ ಎದ್ದರೆ ಸಾಮಾನ್ಯವಾಗಿ ತುಕ್ಕು ಒಳಗಿಂದ ಬಂದಿರುತ್ತೆ. ಹೊರಗೆ ಎಷ್ಟು ಪೇಂಟ್ ಹೊಡೆದರೂ ದಂಡ. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯೋದು ಸಹಜ, ಅದು ಹೊರಹೋಗೋಕೆ ಕೆಳ ಅಂಚಲ್ಲಿ ಸಣ್ಣ ತೂತುಗಳಿರುತ್ತವೆ. ಅದಕ್ಕೆ ಮಣ್ಣು ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತೆ. ಎಷ್ಟೋ ಸಲ ಪುಟ್ಟಿ ಹಾಕಿದವರೇ ತೂತು ಮುಚ್ಚಿಬಿಟ್ಟಿರುತ್ತಾರೆ! ಕೇಬಲ್ ಟೈ ತುದಿಯಿಂದ ಬಿಡಿಸಿ, ಗಾಜಿನ ಮೇಲೆ ಒಂದು ಮಗ್ ನೀರು ಸುರಿದು ಕೆಳಗೆ ತೊಟ್ಟಿಕ್ಕುತ್ತಾ ನೋಡಿ.

ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಬಾಗಿಲ ತಗಡು ಹೊಸದರಲ್ಲೇ ಒಂದು ಮಿ.ಮೀ.ಗಿಂತ ತೆಳು. ತುದಿ ಒಳಕ್ಕೆ ಹೋದರೆ ಕನ್ವರ್ಟರ್ ಮಾತೇ ಇಲ್ಲ, ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೇಪೆ ಹಾಕಿಸಿ.

ಪ್ರೈಮರ್ಪ್ರಿಯ: ತಗಡು ಗಟ್ಟಿಯಿದ್ದರೆ ಹೀಗೆ ಮಾಡಿ. ಗುಳ್ಳೆಯ ಸುತ್ತ 3-4 ಸೆಂ.ಮೀ. ಹೆಚ್ಚಾಗಿಯೇ ಪೇಂಟ್ ತೆಗೀರಿ, ತುಕ್ಕು ಪೇಂಟ್ ಅಡಿಯಲ್ಲಿ ಹರಡಿರುತ್ತೆ. ವೈರ್ ಬ್ರಷ್, ಆಮೇಲೆ 80 ನಂಬರ್ ಸ್ಯಾಂಡ್ ಪೇಪರ್. ಗ್ರೈಂಡರ್ ಒಂದೇ ಕಡೆ ಹಿಡೀಬೇಡಿ, ತಗಡು ಸವೆದು ಕಾದು ಸೊಟ್ಟಗಾಗುತ್ತೆ. ಬರೀ ವೈರ್ ಬ್ರಷ್ ತಿಕ್ಕಿದರೆ ತುಕ್ಕಿಗೇ ಪಾಲಿಶ್ ಬಂದು ಲೋಹದ ಹಾಗೆ ಹೊಳೆಯುತ್ತೆ, ಮೋಸ ಹೋಗಬೇಡಿ.

ಕನ್ವರ್ಟರ್ ಬೇಕಾಗಿರೋದು ಗುಳಿಗಳಲ್ಲಿ ಉಳಿದ ತುಕ್ಕಿಗೆ ಮಾತ್ರ. ಸಿಪ್ಪೆ ಏಳುವ ದಪ್ಪ ತುಕ್ಕಿನ ಮೇಲೆ ಹಚ್ಚಿದರೆ ಮೇಲ್ಪದರ ಕಪ್ಪಾಗುತ್ತೆ, ಅಡಿಯಲ್ಲಿ ತಿನ್ನೋದು ನಡೆದೇ ಇರುತ್ತೆ. ಫಾಸ್ಫಾರಿಕ್ ಆಮ್ಲದ್ದಾದರೆ, ಉಳಿದ ಆಮ್ಲವನ್ನು ಡಬ್ಬಿ ಮೇಲೆ ಹೇಳಿರೋ ಹಾಗೆ ತೆಗೆಯದೆ ಎಪಾಕ್ಸಿ ಪ್ರೈಮರ್ (ತಗಡಿಗೆ ತೇವ ತಾಗದಂತೆ ಪೇಂಟ್‌ಗೂ ಮೊದಲು ಹೊಡೆಯುವ ಪದರ) ಹೊಡೆದರೆ ಹಿಡಿಯಲ್ಲ. ಪುಟ್ಟಿ ಏನಿದ್ದರೂ ಎಪಾಕ್ಸಿ ಮೇಲೆ. ಪುಟ್ಟಿ ನೀರು ಹೀರುತ್ತೆ, ನಿಮ್ಮ ಗುಳ್ಳೆಗೆ ಅದೂ ಒಂದು ಕಾರಣ ಇರಬಹುದು. ಕೊನೆಗೆ ಬಾಗಿಲೊಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ಒಳಭಾಗಕ್ಕೆ ತುಕ್ಕು ಹಿಡಿಯದಂತೆ ಕಾಯುವ ಮೇಣ) ಹೊಡೆದು, ನೀರಿನ ತೂತು ಮತ್ತೆ ಬಿಡಿಸಿ.

ಹಳೇಗಾಡಿ: ಕೆಳಗಿನ ಎರಡು ತೂತೂ ಮುಚ್ಚಿಯೇ ಇದ್ದವು ಸರ್. ಫ್ಲೋರ್‌ಗೆ ಅಡಿಯಿಂದ ರಬ್ಬರ್ ಕೋಟಿಂಗ್ ಹೊಡೆಸಿಬಿಡಲಾ?

ತಗಡುಕೆಲಸ: ಈಗಲೇ ಬೇಡ. ತುಕ್ಕಿನ ಮೇಲೆ ರಬ್ಬರ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತೆ, ತೂತು ಬೀಳುವವರೆಗೂ ಗೊತ್ತೇ ಆಗಲ್ಲ. ಮೊದಲು ಕಾರ್ಪೆಟ್ ಅಡಿಯ ಫೋಮ್ ಒತ್ತಿ ನೋಡಿ, ಮೇಲೆ ಒಣಗಿದ್ದರೂ ಅದು ನೀರು ಹಿಡಿದಿರುತ್ತೆ. ಕೈಗೆ ಜಿಡ್ಡು ಹತ್ತಿ ಸಿಹಿ ವಾಸನೆ ಬಂದರೆ ಹೀಟರ್‌ನಿಂದ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಸೋರ್ತಿದೆ. ಬರೀ ನೀರಾದರೆ ಮುಂದಿನ ಗಾಜಿನ ರಬ್ಬರ್, ಬಾಗಿಲ ಒಳಗಿನ ಪ್ಲಾಸ್ಟಿಕ್ ಹಾಳೆ, ಎಸಿ ಡ್ರೈನ್ ಪೈಪ್ ನೋಡಿ. ಸೀಟ್ ಬೋಲ್ಟ್, ಸೀಟ್ ಬೆಲ್ಟ್ ಬಿಗಿದಿರುವ ಆಂಕರ್, ಸಸ್ಪೆನ್ಷನ್ ಕೂರುವ ಜಾಗದಲ್ಲಿ ತಗಡು ಮೆತ್ತಗಾಗಿದ್ದರೆ ಫೈಬರ್ ತೇಪೆ ಬೇಡವೇ ಬೇಡ, ವೆಲ್ಡಿಂಗೇ ಆಗಬೇಕು. ಅದಕ್ಕೆ ಮೊದಲು ಬ್ಯಾಟರಿ ಕಳಚಿಸಿ, ಅಡಿಯಲ್ಲಿ ಪೆಟ್ರೋಲ್ ಪೈಪ್ ಎಲ್ಲಿ ಹಾದುಹೋಗಿದೆ ಅಂತ ನೋಡಿಸಿ.