ಪುಟ್ಟ, ಫೆವಿಕ್ವಿಕ್ ಮುಚ್ಚಳ ಹಾಕಿಡು ಮೊದ್ಲು

ಪುಟ್ಟ, ಈಗ್ ನೋಡ್ದೆ ಕಣೋ ನಿನ್ ಮೆಸೇಜು, ಭಾವನ ಹಳೇ ಗಿಟಾರ್ ಬ್ರಿಡ್ಜು, ಅದೇ ಹಲಗೆ ಮೇಲೆ ತಂತಿ ಕಟ್ಟೋ ಮರದ ಪಟ್ಟಿ, ಹಿಂದ್ಗಡೆಯಿಂದ ಎದ್ದಿದೆ, ಫೆವಿಕ್ವಿಕ್ ಹಾಕಿ ಒತ್ತಿ ಕೂರಿಸ್ಲಾ ಮಾವ ಅಂತ ಕೇಳಿದ್ಯಲ್ಲ, ಬೇಡ, ದಮ್ಮಯ್ಯ ಬೇಡ. ಸ್ವಲ್ಪ ಉದ್ದ ಆಗುತ್ತೆ, ಕೂತ್ಕೊಂಡು ಕೇಳು.

ಫೋಟೋ ಜೂಮ್ ಮಾಡಿ ನೋಡ್ದೆ. ತಂತಿ ಬಿಗಿಯೋ ತಲೆ ಕಡೆ ಉದ್ದುದ್ದ ಎರಡು ಕಿಂಡಿ ಇದೆ, ಬ್ರಿಡ್ಜಲ್ಲಿ ಪಿನ್ನಿಲ್ಲ, ತಂತಿ ತೂರಿಸಿ ಗಂಟು ಹಾಕೋ ತರ ಇದೆ, ಅಂದ್ರೆ ಅದು ಕ್ಲಾಸಿಕಲ್ ಗಿಟಾರು, ನೈಲಾನ್ ತಂತಿದು. ಅದಕ್ಕೆ ಯಾರೋ ಪುಣ್ಯಾತ್ಮರು ಸ್ಟೀಲ್ ತಂತಿ ಕಟ್ಟಿದಾರೆ. ನೈಲಾನ್ ಆರೂ ಸೇರಿ ಎಳೆಯೋದು ಸುಮಾರು 40 ಕೆಜಿ, ಸ್ಟೀಲಲ್ಲಿ ಲೈಟ್ ಸೆಟ್ ಅಂತಾರಲ್ಲ, ತೆಳು ತಂತಿದು, ಅದೂ 70 ದಾಟುತ್ತೆ, ನೀನು ಬಾರಿಸ್ಲಿ ಬಿಡ್ಲಿ ಹಗಲೂ ರಾತ್ರಿ ಎಳೀತಾನೇ ಇರುತ್ತೆ, ಆ ಮೇಲಿನ ಹಲಗೆ ದಪ್ಪ ನೋಡಿದ್ರೆ 3 ಮಿಲಿಮೀಟರ್ ಇದ್ರೆ ಹೆಚ್ಚು. ಪಾಪ ಅಂಟಿಂದೇನೂ ತಪ್ಪಿಲ್ಲ ಇದ್ರಲ್ಲಿ. ಈಗ್ಲೇ ಎಲ್ಲಾ ತಂತಿ ಸಡ್ಲ ಮಾಡು, ಒಂದೇ ಸಲ ಕಟ್ ಮಾಡ್ಬೇಡ, ಒಂದೊಂದಾಗಿ.

ಫೆವಿಕ್ವಿಕ್ ಯಾಕ್ ಬೇಡ ಅಂದ್ರೆ ಅದು ಗಾಜಿನ ತರ ಗಟ್ಟಿ ಆಗಿ ಒಂದು ಏಟಿಗೆ ಬಿಟ್ಕೊಳುತ್ತೆ, ಬಿಡೋ ಹೊತ್ತಿಗೆ ಮರದ ನಾರೊಳಗೆಲ್ಲಾ ಇಳಿದಿರುತ್ತೆ, ಆಮೇಲೆ ಒಳ್ಳೇ ಅಂಟೂ ಅಲ್ಲಿ ಹಿಡಿಯಲ್ಲ. ಸಂದಿಗೆ ಒಂದು ಪೇಪರ್ ತುಂಡು ತೂರಿಸಿ ನೋಡು, ಅರ್ಧದವರೆಗೆ ಹೋದ್ರೆ ಬ್ರಿಡ್ಜು ಪೂರ್ತಿ ಬಿಚ್ಚಿ ಹೊಸ್ದಾಗಿ ಕೂರಿಸ್ಬೇಕು, ಎದ್ದಿರೋ ಕಡೆ ಮಾತ್ರ ತುಂಬಿಸೋದು ತೇಪೆ ಅಷ್ಟೇ. ಬಿಚ್ಚೋ ಮುಂಚೆ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ ಜಾಗ ಗುರ್ತು ಮಾಡ್ಕೋ, ಒಂದೆರಡು ಮಿಲಿಮೀಟರ್ ಆಕಡೆ ಈಕಡೆ ಆದ್ರೂ ಮೇಲಿನ ಫ್ರೆಟ್‌ಗಳಲ್ಲಿ, ಅದೇ ಬೆರಳಿಡೋ ಮನೆಗಳಲ್ಲಿ, ಶ್ರುತಿ ಕೆಡುತ್ತೆ. ಬ್ರಿಡ್ಜ್ ಮೇಲೆ ತಂತಿ ಕೂರೋ ಬಿಳೀ ಪಟ್ಟಿ, ಸ್ಯಾಡಲ್ಲು, ಪ್ಲಾಸ್ಟಿಕ್ ಇರ್ಬಹುದು, ಅದನ್ನ ತೆಗೆದಿಡು, ಸುತ್ತ ರಟ್ಟು ಇಟ್ಟು ಇಸ್ತ್ರಿ ಪೆಟ್ಟಿಗೆನ ಕಮ್ಮಿ ಬಿಸೀಲಿ ಬ್ರಿಡ್ಜ್ ಮೇಲೆ ಮಾತ್ರ ಇಡು, ಅಂಟು ಮೆತ್ತಗಾಗುತ್ತೆ, ಆಮೇಲೆ ತೆಳೂ ಪಟ್ಟಿ ಚಾಕು ನಿಧಾನಕ್ಕೆ ತಳ್ಳು. ಕಿತ್ಕೊಂಡು ಬರೋ ಸದ್ದು ಕೇಳ್ಸಿದ್ರೆ ಅಲ್ಲೇ ನಿಲ್ಸು, ಇನ್ನೊಂದ್ ಕಡೆಯಿಂದ ನೋಡು, ಇಲ್ದಿದ್ರೆ ಹಲಗೆ ಸಿಬರು ಎದ್ದು ಬ್ರಿಡ್ಜ್ ಜೊತೇಲೇ ಬರುತ್ತೆ.

ಆಮೇಲೆ ಎರಡೂ ಕಡೆ ಹಳೇ ಅಂಟು, ಕೆಳಗೆ ವಾರ್ನಿಶ್ ಇದ್ರೆ ಅದೂ ಬ್ಲೇಡಲ್ಲಿ ಹೆರೆದು ಬರೀ ಮರ ಕಾಣ್ಬೇಕು. ಬ್ರಿಡ್ಜು ನೋಡಿದ್ರೆ ಬೀಟೆ ತರ ಇದೆ, ಬೀಟೆಲಿ ಎಣ್ಣೆ ಅಂಶ ಜಾಸ್ತಿ, ಹೆರೆದ ತಕ್ಷಣ ಅಂಟಿಸ್ಬೇಕು, ನಾಳೆ ಅಂದ್ರೆ ಆಗಲ್ಲ. ಅಂದಹಾಗೆ ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿಯೋರು ಬ್ರೆಜಿಲ್ ಬೀಟೆ ಸಿಗೋದು ಕಷ್ಟ ಆಗಿ 1969ರಲ್ಲಿ ನಮ್ ಇಂಡಿಯಾದ ಬೀಟೆಗೆ ಬಂದ್ರು, ನಮ್ ಮಲೆನಾಡಲ್ಲೂ ಬೆಳೆಯೋ ಅದೇ ಜಾತಿ, ನಾವು ಅದರಲ್ಲಿ ಕುರ್ಚಿ ಮಂಚ ಮಾಡಿಸ್ತಾ ಇದ್ವಿ. ಇರ್ಲಿ.

ಅಂಟು ಟೈಟ್‌ಬಾಂಡ್ ಅಂತ ಹಳದಿದು ಬರುತ್ತೆ, ಒರಿಜಿನಲ್, ಕೆಂಪು ಲೇಬಲ್‌ದು. ಬಿಳೀ ಫೆವಿಕಾಲ್ ಬೀರುಗೆ ಸರಿ, ಇಲ್ಲಿ ಸದಾ ಎಳೆತ ಇರೋದ್ರಿಂದ ಬಿಸಿಲಿಗೆ ನಿಧಾನಕ್ಕೆ ಜಾರುತ್ತೆ. ಉದ್ದ ಬಾಯಿ ಕ್ಲಾಂಪು ಮೂರು ನನ್ ಹತ್ರ ಇದೆ, ಸೌಂಡ್ ಹೋಲ್, ಅದೇ ಮಧ್ಯದ ದೊಡ್ಡ ತೂತು, ಅದ್ರ ಒಳಗಿಂದ ಹೋಗ್ಬೇಕದು, ಒಳಗಡೆ ಹಲಗೆ ಕೆಳಗಿರೋ ಪಟ್ಟಿಗಳ ಮೇಲೆ ಒತ್ತಡ ಬೀಳ್ದಂಗೆ ಕಚ್ಚು ಹಾಕಿದ ಮರದ ತುಂಡು ಕೊಡ್ಬೇಕು. ಮೊದ್ಲು ಅಂಟಿಲ್ದೆ ಒಂದ್ಸಲ ಕ್ಲಾಂಪ್ ಹಾಕಿ ತೆಗೆಯೋಣ. ಒಂದು ಪೂರ್ತಿ ದಿನ ಬಿಡ್ಬೇಕು, ಮಳೆ ಹಿಡ್ಕೊಂಡಿದ್ರೆ ಎರಡು ದಿನ.

ಅಕ್ಕ, ನೀನು ಗುಜರಿಗೆ ಹಾಕ್ರೋ ಅಂತ ಬರ್ದಿದೀಯ, ಸ್ವಲ್ಪ ತಡ್ಕೋ. ಒಂದೇ ಅನುಮಾನ ನೆಕ್, ಅದೇ ಉದ್ದ ಕತ್ತಿನ ಬಗ್ಗೆ, ಸ್ಟೀಲ್ ಎಳೆತಕ್ಕೆ ಬಗ್ಗಿರ್ಬಹುದು, ಕ್ಲಾಸಿಕಲ್‌ಲಿ ಎಷ್ಟೋದಕ್ಕೆ ಒಳಗೆ ಕಬ್ಬಿಣದ ಸಲಾಕೆ ಇರಲ್ಲ. ಪುಟ್ಟ, ನೆಕ್ ಉದ್ದಕ್ಕೂ ಸ್ಟೀಲ್ ಸ್ಕೇಲ್ ಇಟ್ಟು ಮಧ್ಯ ಎಷ್ಟು ಸಂದಿ ಇದೆ ಅಂತ ಫೋಟೋ ಹಾಕು, ವಿಸಿಟಿಂಗ್ ಕಾರ್ಡ್ ತೂರೋಷ್ಟು ಇದ್ರೆ ಪರ್ವಾಗಿಲ್ಲ, ಬೆರಳ ತುದಿ ಹೋಗೋಷ್ಟಿದ್ರೆ ಅಕ್ಕ ಹೇಳಿದ್ದೇ ಸರಿ. ಚೆನ್ನಾಗಿದ್ರೆ ಭಾನ್ವಾರ ತಗೊಂಡ್ ಬಾ, ಬರೋವಾಗ ನೈಲಾನ್ ನಾರ್ಮಲ್ ಟೆನ್ಷನ್ ಅಂತ ಕೇಳಿ ಒಂದು ಸೆಟ್ ತಾ, ಅಂಗಡಿಯವ್ನು ಸ್ಟೀಲೂ ಹಾಕ್ಬಹುದು ಸಾರ್ ಅಂದ್ರೆ ಹೂಂ ಅಂದು ನೈಲಾನೇ ತಗೋ.