ಹೊಳ್ಳಿಸಿದಾಗ ಹಿಂದಿನ ಡಿಫ್ ನರಳತೈತಿ: ಆಯಿಲ್ ಕಡಿಮಿ ಆಗೇತೋ, ಹಳೇದಾಗೇತೋ?

ಉಣಕಲ್ ಕೆರಿ ದಂಡಿ:
ಗಾಡಿ ಹೋಂಡಾ ಸಿಆರ್-ವಿ, ಎರಡನೇ ತಲೆಮಾರು, 2004ರದು, ನಾಲ್ಕೂ ಗಾಲಿ ಡ್ರೈವ್. ಸ್ಟೇರಿಂಗ್ ಪೂರಾ ತಿರುವಿ ಸಾವಕಾಶ ಹೊಳ್ಳಿಸಿದ್ರ ಹಿಂದಿನ ಸೀಟಿನ ಕೆಳಗಿಂದ, ಅಂದ್ರ ಡಿಫ್ (ಡಿಫರೆನ್ಶಿಯಲ್, ಹಿಂದಿನ ಎರಡು ಗಾಲಿಗೆ ಎಳೆತ ಹಂಚೋ ಗೇರಿನ ಡಬ್ಬಿ) ಇರೋ ಕಡೆಯಿಂದ, ನರಳಿದಂಗ ಸಪ್ಪಳ, ಜೊತಿಗೆ ಕಾಲಿಗೆ ನಡುಕ. ಮುಂಜಾನೆ ತಣ್ಣಗಿದ್ದಾಗ ಇಲ್ಲ, ಧಾರವಾಡಕ್ಕ ಹೋಗಿ ಬಂದ ಮ್ಯಾಲೆ ಜೋರು. ನೆಟ್ಟಗ ಹೋದ್ರ ಏನೂ ಇಲ್ಲ. ಒಬ್ರು "ಹಿಂದಿನ ಆಯಿಲ್ ಕಡಿಮಿ ಆಗೇತಿ, 90 ಆಯಿಲ್ (ದಪ್ಪ ಗೇರ್ ಆಯಿಲ್) ಟಾಪ್ ಅಪ್ ಮಾಡೂಣು" ಅಂತಾರ, ಇನ್ನೊಬ್ರು ಬೇರಿಂಗ್ ಅಂತಾರ. ಮೊದಲ ಏನ್ ನೋಡಬೇಕ್ರಿ?

ಮೂರು ಸೂತ್ ಪಾನಾ:
90 ಹಾಕಬ್ಯಾಡ್ರಿ. ಟಾಪ್ ಅಪ್ಪೂ ಈಗ ಬ್ಯಾಡ. ಮ್ಯಾಲಿಂದ ಮ್ಯಾಲೆ ಸುರಿದು ಬಿಟ್ರ ಒಳಗ ಎಷ್ಟಿತ್ತು ಅನ್ನೂದು ಆಮ್ಯಾಲೆ ಯಾರಿಗೂ ಗೊತ್ತಾಗೂದಿಲ್ಲ.

ಈ ಡಿಫ್ ಒಳಗ ಎರಡು ಪಂಪ್ ಅದಾವು. ಒಂದು ಪ್ರೊಪೆಲ್ಲರ್ ಶಾಫ್ಟಿನ (ಮುಂದಿಂದ ಹಿಂದಕ್ಕ ಎಳೆತ ತರೋ ಉದ್ದನ ದಂಡ) ಕೂಡ ತಿರುಗತೈತಿ, ಅಂದ್ರ ಅದು ಮುಂದಿನ ಗಾಲಿ ಲೆಕ್ಕ. ಇನ್ನೊಂದು ಹಿಂದಿನ ಗಾಲಿ ಲೆಕ್ಕ. ಎರಡೂ ಸಮ ತಿರುಗಿದ್ರ ಒಂದು ಕೊಟ್ಟದ್ದನ್ನ ಇನ್ನೊಂದು ಎಳಕೊಂಡು ಬಿಡತೈತಿ, ಒತ್ತಡ ಹುಟ್ಟೂದಿಲ್ಲ. ಮುಂದಿನ ಗಾಲಿ ಜೋರ ತಿರುಗಿದ್ರ ಹೆಚ್ಚಾದ ಆಯಿಲ್ ಹೋಗಿ ಕ್ಲಚ್ ಪ್ಲೇಟ್ ಒತ್ತತೈತಿ, ಹಿಂದಿನ ಗಾಲಿಗೂ ಎಳೆತ ಬರತೈತಿ. ಗೇರು, ಪಂಪು, ಕ್ಲಚ್ಚು ಮೂರಕ್ಕೂ ಒಂದ ಆಯಿಲ್. ನಿಮ್ಮ ಸಪ್ಪಳದ ಕಥಿ ಪೂರಾ ಇಲ್ಲೇ ಐತಿ: ಪ್ಲೇಟು ನುಣ್ಣಗ ಜಾರಲಿ ಅಂತ ಆಯಿಲ್‌ನ್ಯಾಗ ಹಾಕಿದ ಮದ್ದು ಸುಟ್ಟು ಹೋದ ಮ್ಯಾಲೆ ಪ್ಲೇಟು ಹಿಡಿದು-ಬಿಟ್ಟು, ಹಿಡಿದು-ಬಿಟ್ಟು ನಡಗತಾವು.

ಕಪ್ಪತಗುಡ್ಡ ಗಾಳಿ:
ಪಾನಾ ಅಣ್ಣಾರ, ಲೆವೆಲ್ ನೋಡದನ "ಹಳೇ ಆಯಿಲ್" ಅಂತ ತೀರ್ಪು ಕೊಟ್ರಿ ಹೆಂಗ? ಇಪ್ಪತ್ತು ವರ್ಷದ ಗಾಡಿ. ಸೀಲ್ ಒಣಗಿ ಅರ್ಧ ಆಯಿಲ್ ಸೋರಿ ಹೋಗಿದ್ರ? ಕಡಿಮಿ ಆಯಿಲ್ ಲಗೂನ ಕಾಯತೈತಿ, ಲಗೂನ ಸುಡತೈತಿ. ಹಳೇದು ಆಗಾಕ ಕಾರಣನ ಕಡಿಮಿ ಆಗಿದ್ದು ಇರಬಹುದು.

ಮೂರು ಸೂತ್ ಪಾನಾ:
ಅದನ್ನ ಒಪ್ಪತೀನಿ. ಆದ್ರ ಸಪ್ಪಳದಾಗ ಫರಕ್ ಐತಿ, ಅದನ್ನ ಕೇಳಿಸ್ಕೊಳ್ರಿ. ಚಕ್ಕಡಿ ಗಾಲಿ ಕೀಲೆಣ್ಣಿ ಇಲ್ಲದ್ದಕ್ಕ ನರಳತೈತಿ. ಈ ಕ್ಲಚ್ ಎಣ್ಣಿ ತುಂಬಿದ್ರೂ ನರಳತೈತಿ, ಎಣ್ಣಿ ಹಳಸಿದ್ರ ಸಾಕು.

ಬರೇ 100-200 ಮಿ.ಲೀ. ಕಡಿಮಿ ಇದ್ರ ಕಿವಿಗೆ ಏನೂ ಗೊತ್ತಾಗೂದಿಲ್ಲ. ಭಾಳ ಕಡಿಮಿ ಆದ್ರ ಹೊಳ್ಳಿಸಿದಾಗಿನ ನರಳಾಟ ಅಲ್ಲ, ನೆಟ್ಟಗ 50-60ರಾಗ ಹೋಗೂವಾಗ ಹಿಂದ "ಕುಂಯ್ಯ್" ಅಂತ ಗೇರಿನ ಹಲ್ಲು ಒದರತಾವು. ಆಕ್ಸಿಲರೇಟರ್ ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು. ಅದಕ್ಕೂ ಕಡಿಮಿ ಆದ್ರ ಪಂಪ್ ಗಾಳಿ ಎಳೀತೈತಿ, ಕ್ಲಚ್ ಒತ್ತಾಕ ಒತ್ತಡನ ಇರೂದಿಲ್ಲ. ಕೆಸರಿನ್ಯಾಗ ಮುಂದಿನ ಗಾಲಿ ಸುಮ್ನ ತಿರುಗತಾವು, ಹಿಂದಿನವು ಅಳ್ಳಾಡೂದಿಲ್ಲ. ಸಪ್ಪಳಾನೂ ಇಲ್ಲ! ಅದಕ್ಕ ಸಪ್ಪಳ ಇಲ್ಲ ಅಂದ್ರ ಆರೋಗ್ಯ ಅಂತ ತಿಳೀಬ್ಯಾಡ್ರಿ.

ಬೇರಿಂಗ್ ಅಂದವ್ರಿಗೆ: ಬೇರಿಂಗ್ ಹೋದ್ರ ವೇಗದ ಕೂಡ ಗುಂಯ್ಗುಡತೈತಿ, ಗಾಡಿ ಒಂದು ಮಗ್ಗಲಿಗೆ ವಾಲಿದಾಗ ದನಿ ಬದಲಾಗತೈತಿ. 5-10 ಕಿ.ಮೀ. ವೇಗದಾಗ, ಅದೂ ಕಾದ ಮ್ಯಾಲೆ ಅಷ್ಟ ಬರೂದು ಬೇರಿಂಗ್ ಅಲ್ಲ. ಮುಂದ ಟಕಟಕ ಅಂದ್ರ ಡ್ರೈವ್ ಶಾಫ್ಟ್ ಜಾಯಿಂಟ್ ನೋಡ್ರಿ.

ಲೆಕ್ಕದ ಮಾಸ್ತರ:
ಹೊಳ್ಳಿಸಿದಾಗ ಮಾತ್ರ ಯಾಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಈ ಗಾಡಿಯ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2.62 ಮೀಟರ್. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಎರಡು ಗಾಲಿಗಳ ಸರಾಸರಿ ದಾರಿ 4.7 ಮೀಟರ್ ತ್ರಿಜ್ಯದ ವೃತ್ತ ಎಂದಿಟ್ಟುಕೊಳ್ಳಿ. ಪೈಥಾಗೊರಸ್ ಹಾಕಿದರೆ ಹಿಂದಿನದು ಸುಮಾರು 3.9 ಮೀಟರ್. ಅಂದರೆ ಯಾವ ಗಾಲಿಯೂ ಜಾರದೆ ಮುಂದಿನ ಶಾಫ್ಟ್ ಹಿಂದಿನದಕ್ಕಿಂತ ಶೇ. 20ರಷ್ಟು ಹೆಚ್ಚು ತಿರುಗುತ್ತದೆ. ಪಂಪುಗಳಿಗೆ ಇದು ಜಾರಿದ್ದೋ ತಿರುವೋ ತಿಳಿಯುವುದಿಲ್ಲ, ಅವು ಕ್ಲಚ್ಚನ್ನು ಮೆಲ್ಲಗೆ ಒತ್ತುತ್ತವೆ. ಆಯಿಲ್ ಚೆನ್ನಾಗಿದ್ದರೆ ಪ್ಲೇಟುಗಳು ಸದ್ದಿಲ್ಲದೆ ಜಾರುತ್ತವೆ.

ಇದೇ ಲೆಕ್ಕ ಟೈರಿಗೂ ಅನ್ವಯಿಸುತ್ತದೆ. 205/70 ಆರ್15 ಟೈರಿನ ಹೊರ ವ್ಯಾಸ 668 ಮಿ.ಮೀ. ಹಿಂದೆ 8 ಮಿ.ಮೀ. ಹಲ್ಲಿನ ಹೊಸ ಟೈರು, ಮುಂದೆ 3 ಮಿ.ಮೀ. ಉಳಿದ ಹಳೆಯದು ಇದ್ದರೆ ವ್ಯಾಸದಲ್ಲಿ 10 ಮಿ.ಮೀ. ವ್ಯತ್ಯಾಸ, ಶೇ. 1.5. ಗೀಟಿನಂತೆ ನೇರ ರಸ್ತೆಯಲ್ಲೂ ಮುಂದಿನ ಗಾಲಿ ಅಷ್ಟು ಹೆಚ್ಚು ತಿರುಗುತ್ತಲೇ ಇರುತ್ತದೆ.

ಕಪ್ಪತಗುಡ್ಡ ಗಾಳಿ:
ಶೇ. 1.5ಕ್ಕ ನರಳತೈತೇನ್ರಿ ಮಾಸ್ತರ? 20 ಎಲ್ಲೆ, ಒಂದೂವರಿ ಎಲ್ಲೆ.

ಲೆಕ್ಕದ ಮಾಸ್ತರ:
ನರಳುವುದಿಲ್ಲ, ಕಾಯುತ್ತದೆ. ತಿರುವು ಹತ್ತು ಸೆಕೆಂಡಿನದು, ಬೆಳಗಾವಿ ತನಕದ ರಸ್ತೆ ತಾಸುಗಟ್ಟಲೆಯದು. ಅದರಲ್ಲೂ ಮುಂದಿನ ಟೈರು ಸವೆದಿರುವುದೇ ಕೆಟ್ಟದ್ದು. ಹಿಂದಿನದು ಸವೆದು ಹಿಂದಿನ ಗಾಲಿ ಜೋರಾಗಿ ತಿರುಗಿದರೆ ಮುಮ್ಮುಖವಾಗಿ ಹೋಗುವಾಗ ಒಳಗಿನ ವಾಲ್ವ್ ತೆರೆದುಕೊಂಡು ಕ್ಲಚ್ ಹಿಡಿಯದಂತೆ ನೋಡಿಕೊಳ್ಳುತ್ತದೆ. ಆದರೆ ಇಂಥ ಗಾಡಿಗಳಲ್ಲಿ ಮೊದಲು ಸವೆಯುವುದೇ ಮುಂದಿನದು. ಟೈಲರ್ ಟೇಪು ಸುತ್ತಿ ನಾಲ್ಕೂ ಟೈರಿನ ಸುತ್ತಳತೆ ಬರೆದುಕೊಳ್ಳಿ. 30 ಮಿ.ಮೀ. ಫರಕು ಇದ್ದರೆ ಆಯಿಲ್ ಬದಲಿಸಿದ ಮೇಲೆ ಅದನ್ನೂ ಸರಿಪಡಿಸಿ.

ಬ್ಯಾಡಗಿ ಕೆಂಪು:
ಸ್ಕೋಡಾ ಯೇತಿ 4×4ರಾಗ ಹಿಂಗ ನರಳೂದು ಕೇಳಿಲ್ಲ. ಅದರಾಗ ಆಯಿಲ್ ಕೆಟ್ರ ಹಿಂದಿನ ಗಾಲಿ ಬರೂದ ನಿಲ್ಲತೈತಿ, ಅಷ್ಟ. ಹಂಗಿದ್ರ ಸಪ್ಪಳ ಬರೂದು ಬ್ಯಾರೆ ಏನೋ ಇರಬೇಕಲ್ಲ?

ಮೂರು ಸೂತ್ ಪಾನಾ:
ಯೇತಿಯೊಳಗಿರೂದು ಹಾಲ್ಡೆಕ್ಸ್, ಜಾತಿನ ಬ್ಯಾರೆ. ಅಲ್ಲೆ ಕರೆಂಟಿನ ಪಂಪು ಒತ್ತಡ ಕೊಡತೈತಿ, ಎಷ್ಟು ಒತ್ತಬೇಕು ಅನ್ನೂದನ್ನ ಕಂಪ್ಯೂಟರ್ ಹೇಳತೈತಿ. ಹೊಳ್ಳಿಸಿದಾಗ ಅದ ಕ್ಲಚ್ ಬಿಟ್ಟು ಬಿಡತೈತಿ. ಇಲ್ಲಿ ಹೇಳಾವ್ರು ಯಾರೂ ಇಲ್ಲ, ಪಂಪಿಂದ ಪಂಪಿಗೆ ಲೆಕ್ಕ. ಇನ್ನೊಂದು: ಹಾಲ್ಡೆಕ್ಸ್‌ನ್ಯಾಗ ಕ್ಲಚ್ಚಿನ ಆಯಿಲ್ ಬ್ಯಾರೆ, ಡಿಫ್ ಗೇರಿನ ಆಯಿಲ್ ಬ್ಯಾರೆ, ಎರಡರ ಪ್ಲಗ್ಗೂ ಮಗ್ಗಲ ಮಗ್ಗಲ. ತಪ್ಪಿ ಡಿಫ್ ಪ್ಲಗ್ ಬಿಚ್ಚಿ "ಕ್ಲಚ್ ಆಯಿಲ್ ಬದಲಿಸೇವಿ" ಅಂತ ಬಿಲ್ ಕೊಡೂದು ಹೊಸಾದಲ್ಲ. ನಾಲ್ಕನೇ ತಲೆಮಾರಿನ ಹಾಲ್ಡೆಕ್ಸಿಗೆ ಬ್ಯಾರೆ ಫಿಲ್ಟರ್ ಐತಿ. ಐದನೇದಕ್ಕ ಪಂಪಿನ ಮೂತಿಗೆ ಸಣ್ಣ ಜಾಳಿಗಿ ಅಷ್ಟ. ಪಂಪ್ ಬಿಚ್ಚಿ ಆ ಜಾಳಿಗಿ ತೊಳೀದನ ಬರೇ ಆಯಿಲ್ ಬದಲಿಸಿದ್ರ ಅರ್ಧ ಕೆಲಸ.

ಬ್ಯಾಡಗಿ ಕೆಂಪು:
ಹಾಂ, ಪ್ಲಗ್ಗಿನ ಗೊಂದಲ ಖರೆ. ಮತ್ತ ಡಸ್ಟರ್ ಎಡಬ್ಲ್ಯೂಡಿ (ನಾಲ್ಕೂ ಗಾಲಿ ಡ್ರೈವ್)?

ಕಪ್ಪತಗುಡ್ಡ ಗಾಳಿ:
ಡಸ್ಟರಿಂದು ಕರೆಂಟಿನ ಕಾಯಿಲ್ ಎಳಿಯೋ ಕ್ಲಚ್, ಅದರ ಡಬ್ಬಿ ಸೀಲ್ ಆಗಿ ಬಂದಿರತೈತಿ, ಲೆವೆಲ್ ನೋಡೋ ಪ್ಲಗ್ಗ ಇಲ್ಲ. ಅದರ ಹಿಂದಿನ ಡಿಫ್‌ನ ಆಯಿಲ್ ನೋಡಬಹುದು, ಕ್ಲಚ್ಚಿಂದಲ್ಲ. ನಾಬ್ ಲಾಕಿನ್ಯಾಗ (ಹಿಂದಿನ ಗಾಲಿಗೂ ಎಳೆತ ಬಿಡದಂಗ) ಇಟ್ಟು ಡಾಂಬರ್ ಮ್ಯಾಲೆ ಹೊಳ್ಳಿಸಿ "ಹಿಂದ ಹಿಡೀತೈತಿ" ಅಂತ ದೂರು ತರಾವ್ರ ಭಾಳ.

ನಮ್ಮ ಸಿಆರ್-ವಿಗೆ ಬರ್ರಿ. ಈ ಕಡೆ ಎರೆಮಣ್ಣಿನ ಊರಿನ ಗಾಡಿಗೆ ಒಂದು ಜಾಗಾ ಯಾರೂ ನೋಡೂದಿಲ್ಲ: ಡಿಫ್ ಮ್ಯಾಲಿನ ಉಸಿರುಗೊಳವಿ. ಕಾದಾಗ ಒಳಗಿನ ಗಾಳಿ ಅದರಿಂದ ಹೊರಗ ಹೋಗಬೇಕು. ಎರಿ ಹೊಲದ ಕೆಸರು ಅದರ ಬಾಯಿಗೆ ಮೆತ್ತಿ ಒಣಗಿದ್ರ ಸಿಮೆಂಟ್ ಆದಂಗ. ಆಗ ಒತ್ತಡಕ್ಕ ಆಯಿಲ್ ಶಾಫ್ಟಿನ ಸೀಲ್ ತಳ್ಳಿಕೊಂಡು ಹೊರಗ ಬರತೈತಿ. ಹೊಸ ಸೀಲ್ ಹಾಕಿದ್ರೂ ಎರಡು ತಿಂಗಳಿಗೆ ಮತ್ತ ಒದ್ದಿ. ವಾಟರ್ ಸರ್ವಿಸ್‌ನವ್ರು ಪೈಪಿನ ಮೂತಿ ಅಲ್ಲೇ ಇಟ್ಟು ಹೊಡದ್ರ ನೀರು ಒಳಗ ಹೋಗೂದೂ ಐತಿ. ಹಂಗಾದ್ರ ಬಿಚ್ಚಿದ ಆಯಿಲ್ ಚಹಾಕ್ಕ ಹಾಲು ಹಾಕಿದ ಬಣ್ಣಾ ಇರತೈತಿ.

ಉಣಕಲ್ ಕೆರಿ ದಂಡಿ:
ಹಂಗಾದ್ರ ಬಿಚ್ಚಿ ಅಳೀತೀನಿ. ಎಷ್ಟು ಬರಬೇಕು, ಹೆಂಗ ಬಿಚ್ಚಬೇಕು ಹೇಳ್ರಿ.

ಮೂರು ಸೂತ್ ಪಾನಾ:
10-15 ಕಿ.ಮೀ. ಓಡಿಸಿ, ಬೆಚ್ಚಗಿದ್ದಾಗ ಪಿಟ್ ಮ್ಯಾಲೆ ತರ್ರಿ. ಗಾಡಿ ಸಮಾ ನಿಂತಿರಬೇಕು. ಒಂದು ಕಡೆ ಜಾಕ್ ಎತ್ತಿ ಲೆವೆಲ್ ನೋಡಿದ್ರ ಅದು ಲೆವೆಲ್ ಅಲ್ಲ. ಹೌಸಿಂಗಿಗೆ ಹತ್ತಿದ ಮಣ್ಣು ಮೊದಲ ಬ್ರಶ್ ಹಾಕಿ ತಗೀರಿ, ಇಲ್ಲಾಂದ್ರ ಪ್ಲಗ್ ಬಿಚ್ಚಿದ ಕೂಡಲೇ ಒಳಗ ಬೀಳತೈತಿ.

ಮ್ಯಾಲಿನ ತುಂಬೂ ಪ್ಲಗ್ ಮೊದಲ ಬಿಚ್ರಿ. ಇದೊಂದನ್ನ ಮರೀಬ್ಯಾಡ್ರಿ. ಕೆಳಗಿಂದು ಬಿಚ್ಚಿ ಆಯಿಲ್ ಸುರುವಿ, ಆಮ್ಯಾಲೆ ಮ್ಯಾಲಿಂದು ಜಾಮ್ ಆಗೇತಿ ಅಂತ ಗೊತ್ತಾದ್ರ ಗಾಡಿ ಅಲ್ಲೇ ಕೂತು ಬಿಡತೈತಿ. ಎರಡೂ ಪ್ಲಗ್ಗಿಗೆ ಸಾಕೆಟ್ ಬ್ಯಾಡ, ಮೂರು ಸೂತ್ (3/8 ಇಂಚು) ರ‍್ಯಾಚೆಟ್ಟಿನ ಚೌಕ ಮೂತಿನ ನೆಟ್ಟಗ ಒಳಗ ಕೂಡತೈತಿ. ಗುಣಿಯೊಳಗಿನ ಮಣ್ಣು ಮೊಳಿಲೆ ಕೆದರಿ ತಗೀರಿ, ಮೂತಿ ಪೂರಾ ಕೂಡಲಿಲ್ಲಂದ್ರ ಚೌಕ ದುಂಡಗಾಗತೈತಿ.

ಮ್ಯಾಲಿಂದು ಬಿಚ್ಚಿದಾಗ ಆಯಿಲ್ ತೂತಿನ ಕೆಳ ಅಂಚಿಗೆ ಹತ್ತಿರಬೇಕು. ಬೆರಳು ಬಗ್ಗಿಸಿ ಹಾಕಿದ್ರೂ ಹತ್ತಲಿಲ್ಲಂದ್ರ ಕಡಿಮಿ ಐತಿ. ಎಷ್ಟು ಕಡಿಮಿ ಅನ್ನೂದನ್ನ ಬೆರಳು ಹೇಳೂದಿಲ್ಲ, ಬಾಟಲಿ ಹೇಳತೈತಿ. ಕೆಳಗಿಂದು ಬಿಚ್ಚಿ ಚೊಕ್ಕ ಡಬ್ಬಿಗೆ ಹಿಡೀರಿ, ಹನಿ ನಿಲ್ಲೂ ತನಕ ಬಿಡ್ರಿ, ಆಮ್ಯಾಲೆ ಒಂದು ಲೀಟರ್ ನೀರಿನ ಬಾಟಲಿಗೆ ಸುರಿದು ಗೆರಿ ಎಳೀರಿ. ಪೂರಾ ಬಿಚ್ಚಿ ಜೋಡಿಸಿದ ಡಿಫ್‌ಗೆ 1.2 ಲೀಟರ್ ಹಿಡೀತೈತಿ, ಬರೇ ಬದಲಿಸಿದ್ರ 1.0 ಲೀಟರ್. ಆ 200 ಮಿ.ಲೀ. ಒಳಗ ಹಲ್ಲಿಗೆ, ಪ್ಲೇಟಿಗೆ ಅಂಟಿಕೊಂಡಿರತೈತಿ. ಅದಕ್ಕ 900ರ ಮ್ಯಾಲೆ ಬಂದು ಕರ‍್ರಗಿದ್ರ ರೋಗ ಹಳೇ ಆಯಿಲ್. 600-700 ಬಂದ್ರ ಆಯಿಲ್ ಎಲ್ಲೋ ಹೋಗೇತಿ, ಅದನ್ನ ಹುಡುಕದನ ಬರೇ ಹೊಸಾದು ತುಂಬಿ ಸುಮ್ಮನಾಗಬ್ಯಾಡ್ರಿ.

ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕ ಬೂದಿ ಬಣ್ಣದ ಲೇಪ ಇದ್ರ ಚಿಂತಿ ಇಲ್ಲ. ಎರಡು ಬೆರಳಾಗ ತಿಕ್ಕಿದಾಗ ಚೂರು ಚುಚ್ಚಿದ್ರ ಆಯಿಲ್ ಮಾತು ಬಿಡ್ರಿ, ಡಿಫ್ ಬಿಚ್ಚಬೇಕು.

ಗೋಕುಲ ರೋಡ್ ಗೇರ್:
ಹೋಂಡಾದ ಆಯಿಲ್ ಸಿಗಲಿಲ್ಲಂದ್ರ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹಾಕ್ರಿ. ಅದೂ ತೆಳ್ಳಗ, ಕ್ಲಚ್ಚಿಗಂತ ಮಾಡಿದ್ದು. ಸಪ್ಪಳ ಹೋಗತೈತಿ.

ಮೂರು ಸೂತ್ ಪಾನಾ:
ಸಪ್ಪಳ ಹೋಗಬಹುದು, ಕ್ರೌನ್ ಪಿನಿಯನ್ನೂ (ಡಿಫ್‌ನ ಮುಖ್ಯ ಗೇರ್ ಜೋಡಿ) ಹೋಗತೈತಿ. ಬರೇ ಕ್ಲಚ್ ಇದ್ದ ಡಬ್ಬಿ ಆಗಿದ್ರ ನಿಮ್ಮ ಮಾತಿಗೆ ತೂಕ ಇತ್ತು. ಇಲ್ಲೆ ಹೈಪಾಯ್ಡ್ ಹಲ್ಲು ಅದ ಆಯಿಲ್‌ನ್ಯಾಗ ಉರುಳಿ ಉರುಳಿ ಉಜ್ಜತಾವು, ಆ ಭಾರ ತಡಿಯೋ ತಾಕತ್ತು ಎಟಿಎಫ್‌ಗೆ ಇಲ್ಲ. 90 ಆಯಿಲ್ ಇದರ ಉಲ್ಟಾ: ಹಲ್ಲಿಗೆ ಚಲೋ, ಪ್ಲೇಟಿಗೆ ವಿಷ. ದಪ್ಪ ಇದ್ದದ್ದಕ್ಕ ಸಣ್ಣ ತಿರುವಿಗೂ ಒತ್ತಡ ಹುಟ್ಟಿ ಕ್ಲಚ್ ಹಿಡೀತೈತಿ, ನರಳಾಟ ಹೆಚ್ಚ ಆಗತೈತಿ. ಎರಡಕ್ಕೂ ಒಗ್ಗಲಿ ಅಂತನ ಡ್ಯುಯಲ್ ಪಂಪ್ ಫ್ಲೂಯಿಡ್ ಮಾಡ್ಯಾರ, ಈಗ ಡಬ್ಬಿ ಮ್ಯಾಲೆ "ಟೂ" ಅಂತ ಬರತೈತಿ. ಹುಬ್ಬಳ್ಳಿಯೊಳಗ ಇಲ್ಲಂದ್ರ ತರಿಸ್ಕೊಳ್ರಿ, ಎರಡು ಡಬ್ಬಿ.

ಗೋಕುಲ ರೋಡ್ ಗೇರ್:
ಒಂದ ಲೀಟರ್ ಹಿಡಿಯೋ ಡಿಫ್‌ಗೆ ಎರಡು ಡಬ್ಬಿ ಯಾಕ?

ಲೆಕ್ಕದ ಮಾಸ್ತರ:
ಒಳಗೆ ಉಳಿಯುವ 200 ಮಿ.ಲೀ.ಗೇ. ಮೊದಲ ಬದಲಾವಣೆಯ ನಂತರ 1.2ರಲ್ಲಿ 0.2 ಹಳೆಯದು, ಅಂದರೆ ಆರನೆಯ ಒಂದು ಭಾಗ. ಎರಡನೆಯದರ ನಂತರ ಮೂವತ್ತಾರನೆಯ ಒಂದು. ಪ್ಲೇಟಿನ ಲೈನಿಂಗ್ ಒಳಗೆ ಹೀರಿಕೊಂಡ ಹಳೆಯ ಆಯಿಲ್ಲನ್ನು ಹೊರಗೆ ಎಳೆಯಲು ನಡುವೆ ಕ್ಲಚ್ ಕೆಲಸ ಮಾಡಬೇಕು. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುವಿ ಮೆಲ್ಲಗೆ ಎಡಕ್ಕೆ ಐದು, ಬಲಕ್ಕೆ ಐದು ಸುತ್ತು. ಸಪ್ಪಳ ಉಳಿದರೆ ಎರಡನೇ ಡಬ್ಬಿ.

ಉಣಕಲ್ ಕೆರಿ ದಂಡಿ:
ಬಿಚ್ಚಿ ಅಳದದ್ದು: 640 ಮಿ.ಲೀ. ಕರಿ ಬಣ್ಣ, ಸುಟ್ಟ ವಾಸನಿ, ನೀರಿಲ್ಲ. ಅಯಸ್ಕಾಂತಕ್ಕ ನುಣ್ಣನ್ನ ಲೇಪ ಅಷ್ಟ. ಟೈರ್ ಸುತ್ತಳತಿ ಫರಕು 8 ಮಿ.ಮೀ. ಉಸಿರುಗೊಳವಿ ಊದಿದ್ರ ಗಾಳಿನ ಹೋಗವಲ್ದು. ಎಡಗಡೆ ಶಾಫ್ಟ್ ಡಿಫ್‌ಗೆ ಕೂಡೋ ಜಾಗಾದಾಗ ಮಣ್ಣು ಒದ್ದಿ ಆಗಿ ಹತ್ತೇತಿ. ಮುಂದಿನ ಫ್ಲಾಂಜಿನ (ಪ್ರೊಪೆಲ್ಲರ್ ಶಾಫ್ಟ್ ಕೂಡೋ ಜಾಗಾ) ಸೀಲ್ ಒಣಾ.

ಕಪ್ಪತಗುಡ್ಡ ಗಾಳಿ:
ಹೇಳಿದ್ನಲ್ರಿ. ಒದ್ದಿ ಕಂಡಲ್ಲೇ ಸೋರತೈತಿ ಅಂತ ಬ್ಯಾಡ, ಗಾಳಿಗೆ ಎಣ್ಣಿ ಹಾರಿ ಬ್ಯಾರೆ ಕಡೆ ಕೂಡತೈತಿ. ಡೀಸೆಲ್ ಹಚ್ಚಿ ತೊಳದು, ಒರಸಿ, ಟಾಲ್ಕಂ ಪೌಡರ್ ಉದುರಿಸಿ, ಹೊಸಾ ಆಯಿಲ್ ತುಂಬಿ ಧಾರವಾಡಕ್ಕ ಒಂದು ಸಲ ಹೋಗಿ ಬರ್ರಿ. ಪೌಡರಿನ ಮ್ಯಾಲೆ ಗೆರಿ ಎಲ್ಲಿಂದ ಇಳದೈತೋ ಅದ ಜಾಗಾ.

ಮೂರು ಸೂತ್ ಪಾನಾ:
ಇಬ್ರದೂ ಗೆಲುವು, ಕಡಿಮಿನೂ ಹೌದು, ಹಳೇದೂ ಹೌದು. ಈಗ ಮೊದಲ ಗೊಳವಿ ಬಿಚ್ಚಿ, ಗಾಳಿ ಹೊಡದು ಚೊಕ್ಕ ಮಾಡ್ರಿ, ಅದಾದ ಮ್ಯಾಲೆ ಪೌಡರ್. ಎಡಗಡೆ ಸೀಲ್ ಅಂತ ಪಕ್ಕಾ ಆದ್ರ ಮೊದಲನೇ ಡಬ್ಬಿಯ ಆಯಿಲ್ ಇಳಿಸೋ ದಿನಾನ ಸೀಲ್ ಬದಲಿಸ್ರಿ, ಹೆಂಗೂ ಆಯಿಲ್ ಇಳಿಸಿರತೀರಿ. ಶಾಫ್ಟ್ ಹೊರಗ ಎಳದಾಗ ತುದಿಯೊಳಗಿನ ಲಾಕ್ ರಿಂಗ್ ಹೊಸಾದು ಹಾಕ್ರಿ. ಸೀಲ್ ಕೂಡೋ ಜಾಗಾದಾಗ ಶಾಫ್ಟಿಗೆ ಉಗುರು ಸಿಗೋವಷ್ಟು ಗೆರಿ ಬಿದ್ದಿದ್ರ ಹೊಸಾ ಸೀಲೂ ನಿಲ್ಲೂದಿಲ್ಲ. ಸೀಲಿನ ತುಟಿಗೆ ಗ್ರೀಸ್ ಹಚ್ಚಿ, ಶಾಫ್ಟಿನ ಹಲ್ಲು ಅದಕ್ಕ ತಾಗದಂಗ ನೆಟ್ಟಗ ತಳ್ಳ್ರಿ.

ತುಂಬಾಕ ಒಂದು ಮೀಟರ್ ಪೈಪು, ಮ್ಯಾಲೆ ಲಾಳಿಕಿ. ತೂತಿನಿಂದ ಹೊರಗ ಹರಿಯೂ ತನಕ ಹಾಕ್ರಿ. ಪ್ಲಗ್ಗಿನ ವಾಸರ್ ಎರಡೂ ಹೊಸಾವು, ಬಿಗಿ 47 ನ್ಯೂಟನ್ ಮೀಟರ್. ಅಲ್ಯೂಮಿನಿಯಂ ಹೌಸಿಂಗ್, ಲಾರಿ ನಟ್ ಬಿಗದಂಗ ಬಿಗೀಬ್ಯಾಡ್ರಿ.

ಹಿಂದಿನ ಗಾಲಿ ಎಳೀತಾವೋ ಇಲ್ಲೋ ನೋಡಾಕ ಬರೇ ಮುಂದಿನ ಗಾಲಿ ಜಾಕ್ ಮ್ಯಾಲೆ ಎತ್ತಿ ಗೇರ್ ಹಾಕೂದು ಮಾತ್ರ ಮಾಡಬ್ಯಾಡ್ರಿ. ಕ್ಲಚ್ ಚಲೋ ಇದ್ರ ಗಾಡಿ ಜಾಕ್ ಬಿಟ್ಟು ಗ್ವಾಡಿಗೆ ಹೋಗತೈತಿ.

ಬ್ಯಾಡಗಿ ಕೆಂಪು:
ಟೋಯಿಂಗಿಗೂ ಅದ ಮಾತು. ಮುಂದಿನ ಎರಡು ಎತ್ತಿ ಎಳಸಬ್ಯಾಡ್ರಿ, ನಾಲ್ಕೂ ಗಾಲಿ ಮ್ಯಾಲೆ ಹತ್ತೋ ಗಾಡಿನ ಕರಸ್ರಿ.